ಮೊದಲ ಕುದುರೆ ಬರುವ ಮುಂಚೆ ಲಾಯದಲ್ಲಿ ಏನೇನು ಇರಲೇಬೇಕು?

ಹೊಸಲಾಯ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮಲ್ಲಿಗೆ ಮೊದಲ ಕುದುರೆ ಬರುತ್ತಿದೆ. ಎಂಟು ವರ್ಷದ ಗಂಡು, ಬೀಜ ತೆಗೆಸಿದ್ದು, ಲಾಳ ಹೊಡೆಸಿದ್ದಾರೆ. ತೂಕ 450 ಕೆಜಿ ಇರಬಹುದು ಎಂದು ಮಾರುವವರ ಅಂದಾಜು. ವಾರದಲ್ಲಿ ಮೂರು ನಾಲ್ಕು ದಿನ ಹಗುರ ಸವಾರಿ, ಅಷ್ಟೇ. ಲಾಯ 12 ಅಡಿಗೆ 12 ಅಡಿ ಇದೆ, ಹೊರಗೆ ಬೇಲಿ ಹಾಕಿದ ಬಯಲಿದೆ. ಸಾಮಾನಿನ ಪಟ್ಟಿ ಹುಡುಕಿದರೆ ಒಂದೊಂದರಲ್ಲೂ ನೂರು ಐಟಂ. ಮೊದಲ ದಿನವೇ ಕೈಗೆ ಸಿಗಬೇಕಾದ್ದು ಯಾವುದು, ನಿಧಾನಕ್ಕೆ ಕೊಂಡರೆ ನಡೆಯುವುದು ಯಾವುದು, ದುಡ್ಡು ದಂಡ ಯಾವುದು? ಅಳತೆ, ಪ್ರಮಾಣ ಸಮೇತ ಹೇಳಿದರೆ ದೊಡ್ಡ ಉಪಕಾರ. ಹಳೆಯ ಜೀನೊಂದು ಮಾರಾಟಕ್ಕಿದೆ, ಅದನ್ನು ಈಗಲೇ ಕೊಂಡಿಡಲೇ ಅನ್ನುವುದೂ ಒಂದು ಪ್ರಶ್ನೆ.

ಕೆಂಗುದುರೆ:

ಮೊದಲು ತೂಗುವ, ಅಳೆಯುವ ಸಾಮಾನು ಕೊಳ್ಳಿ. ಕೊಕ್ಕೆಯಿರುವ ನೇತುತಕ್ಕಡಿ ಒಂದು, ಟೈಲರ್ ಟೇಪು ಒಂದು, ಗೋಡೆಗೆ ತೂಗುಹಾಕುವ ಬರೆಯುವ ಹಲಗೆ ಒಂದು. ಪಟ್ಟಿಗಳಲ್ಲಿ ಇವು ಕಾಣುವುದೇ ಇಲ್ಲ, ಆದರೆ ಮೇವು, ಉಪ್ಪು, ಜಂತುಹುಳದ ಔಷಧಿ ಎಲ್ಲವೂ ಕುದುರೆಯ ತೂಕದ ಮೇಲೆಯೇ ನಿಂತಿವೆ. ಮಾರುವವರ ಅಂದಾಜು ಐವತ್ತು ಕೆಜಿ ಆಚೀಚೆ ಆಗುವುದು ಸಾಮಾನ್ಯ.

ಅಳೆಯುವ ಕ್ರಮ ಹೀಗೆ. ಕುದುರೆಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಉಬ್ಬಿರುವ ಹೆಗಲಿನ ಏರಿನ ಹಿಂದಿನಿಂದ ಟೇಪು ಇಳಿಸಿ, ಮುಂಗಾಲುಗಳ ಹಿಂದೆ ಎದೆಯ ಸುತ್ತ ತನ್ನಿ. ಉಸಿರು ಬಿಟ್ಟಾಗಿನ ಅಳತೆ ಬರೆದುಕೊಳ್ಳಿ. ಆಮೇಲೆ ಉದ್ದ: ಎದೆಯ ಮುಂದೆ ಭುಜದ ಮೂಳೆ ಉಬ್ಬಿರುವಲ್ಲಿಂದ ಹಿಂದೆ ಪೃಷ್ಠದ ಮೂಳೆ ಚಾಚಿದ ತುದಿಯವರೆಗೆ. ಎದೆಸುತ್ತಿನ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿ. ಎರಡೂ ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ಸುತ್ತು 180, ಉದ್ದ 165 ಇದ್ದರೆ 450 ಕೆಜಿ. ಎರಡು ವಾರಕ್ಕೊಮ್ಮೆ ಅದೇ ಹೊತ್ತಿಗೆ ಅಳೆದು ಹಲಗೆಯ ಮೇಲೆ ಬರೆಯಿರಿ. ನಿತ್ಯ ನೋಡುವ ಕಣ್ಣಿಗೆ ಕುದುರೆ ಸೊರಗಿದ್ದು ತಡವಾಗಿ ಗೊತ್ತಾಗುತ್ತದೆ, ಟೇಪಿಗೆ ಬೇಗ ಗೊತ್ತಾಗುತ್ತದೆ.

ಈಗ ಮೇವು. 450 ಕೆಜಿ ಕುದುರೆಗೆ ಬಯಲಲ್ಲಿ ಮೇಯಲು ಏನೂ ಇಲ್ಲವೆಂದುಕೊಂಡರೆ ದಿನಕ್ಕೆ 9ರಿಂದ 10 ಕೆಜಿ ಒಣಹುಲ್ಲು. ಮೈ ಇಳಿಸಬೇಕಾದರೂ 7 ಕೆಜಿಗಿಂತ ಕೆಳಗೆ ಹೋಗಬೇಡಿ. ಕುದುರೆಯ ಹೊಟ್ಟೆ ಆಮ್ಲವನ್ನು ಹಗಲೂ ರಾತ್ರಿ ಸುರಿಸುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಬರಿ ಹೊಟ್ಟೆಯಲ್ಲಿ ತಾಸುಗಟ್ಟಲೆ ನಿಂತರೆ ಒಳಗೆ ಹುಣ್ಣಾಗುತ್ತದೆ. ಹಾಗಾಗಿ ದಿನದ ಮೇವನ್ನು ಮೂರ್ನಾಲ್ಕು ಪಾಲು ಮಾಡಿ, ರಾತ್ರಿಯ ಪಾಲು ದೊಡ್ಡದಿರಲಿ. ಒಂದು ತಿಂಗಳಿಗೆ 300 ಕೆಜಿ, ಚೆಲ್ಲಿ ಹಾಳಾಗುವುದಕ್ಕೆ ಇನ್ನೊಂದು 30 ಕೆಜಿ ಸೇರಿಸಿ ದಾಸ್ತಾನು ಮಾಡಿ. ನೆಲಕ್ಕೆ ತಾಗದಂತೆ ಮರದ ಹಲಗೆಗಳ ಮೇಲೆ ಪೇರಿಸಿ, ಗೋಡೆಗೂ ಒತ್ತಬೇಡಿ. ಕಟ್ಟು ಬಿಚ್ಚಿದಾಗ ಬಿಳಿ ಪುಡಿ ಹಾರಿದರೆ, ಮುಗ್ಗಲು ವಾಸನೆ ಬಂದರೆ ಅದು ಕುದುರೆಗಲ್ಲ. ಬರೀ ಧೂಳಾದರೆ ಹಾಕುವ ಮುಂಚೆ ಅರ್ಧ ಗಂಟೆ ನೀರಲ್ಲಿ ನೆನೆಸಿ ಸೋರಿಸಿ ಹಾಕಬಹುದು, ಬೂಸಲಾದರೆ ನೆನೆಸಿದರೂ ಪ್ರಯೋಜನವಿಲ್ಲ. ಕಟ್ಟಿನ ದಾರವನ್ನು ಎಣಿಸಿ ತೆಗೆಯಿರಿ. ಒಂದು ತುಂಡು ಹೊಟ್ಟೆಗೆ ಹೋದರೂ ಕರುಳು ಕಟ್ಟಬಹುದು.

ಹಗುರ ಸವಾರಿಗೆ ಕಾಳು ಬಹುಮಟ್ಟಿಗೆ ಬೇಕಾಗಿಲ್ಲ. ಒಳ್ಳೆಯ ಹುಲ್ಲು, ಉಪ್ಪು, ಕುದುರೆಗಾಗಿಯೇ ಮಾಡಿದ ಖನಿಜ-ವಿಟಮಿನ್ ಮಿಶ್ರಣ ಸಾಕು. ಕಾಳು ಕೊಡಲೇಬೇಕಾದರೆ ಒಂದು ಹೊತ್ತಿಗೆ 2 ಕೆಜಿ ಮೀರಬಾರದು. ಹೊಟ್ಟೆಯಲ್ಲಿ ಅರಗದ ಪಿಷ್ಟ ಹಿಂಗರುಳಿಗೆ ಹೋಗಿ ಹುದುಗೆದ್ದು, ಕಾಲಿಕ್ ಎನ್ನುವ ಹೊಟ್ಟೆಶೂಲೆಯನ್ನೋ ಗೊರಸಿನೊಳಗೆ ಉರಿಯೂತವಾಗುವ ಲ್ಯಾಮಿನೈಟಿಸ್ಸನ್ನೋ ತರುತ್ತದೆ. ಡಬ್ಬಿಯಲ್ಲಿ ಅಳೆದು ಹಾಕುವುದನ್ನು ಬಿಟ್ಟು ತೂಗಿ ಹಾಕಿ, ಏಕೆಂದರೆ ಒಂದೇ ಡಬ್ಬಿಯಲ್ಲಿ ಓಟ್ಸ್ ಹಗುರ, ಒತ್ತಿ ಗುಳಿಗೆ ಮಾಡಿದ ಪೆಲೆಟ್ ಮೇವು ಭಾರ. ಕಾಳಿನ ಪೀಪಾಯಿಗೆ ಚಿಲಕ ಬೇಕೇ ಬೇಕು, ಕುದುರೆ ತುಟಿಯಿಂದ ತೆಗೆಯಲಾಗದಂಥ ಚಿಲಕ. ಕುದುರೆ ಯಾವಾಗಲಾದರೂ ಕಾಳಿನ ಕೋಣೆಗೆ ನುಗ್ಗಿ ತಿಂದಿದ್ದು ಕಂಡರೆ, ಅದು ಚೆನ್ನಾಗಿಯೇ ನಿಂತಿದ್ದರೂ ತಕ್ಷಣ ವೈದ್ಯರಿಗೆ ಹೇಳಿ. ಗೊರಸಿನ ನೋವು ಕಾಣಿಸಿಕೊಳ್ಳುವುದು ಒಂದೆರಡು ದಿನ ಬಿಟ್ಟು, ಆಗ ತಡವಾಗಿರುತ್ತದೆ.

ಯಾವ ಹೊಸ ಮೇವಿಗೂ ಏಳರಿಂದ ಹತ್ತು ದಿನ ಕೊಡಿ. ಈಗ ಅದು ತಿನ್ನುತ್ತಿರುವ ಹುಲ್ಲನ್ನೇ ಹತ್ತು ದಿನಕ್ಕಾಗುವಷ್ಟು ಮಾರುವವರಿಂದ ತರಿಸಿಕೊಳ್ಳಿ, ದಿನದಿನಕ್ಕೆ ಅದನ್ನು ಕಡಿಮೆ ಮಾಡುತ್ತ ನಿಮ್ಮದನ್ನು ಹೆಚ್ಚಿಸಿ.

ಉಪ್ಪು ದಿನಕ್ಕೆ 25ರಿಂದ 30 ಗ್ರಾಂ, ಪುಡಿ ರೂಪದಲ್ಲಿ. ಬೆವರಿದ ದಿನ ಇನ್ನೂ ಬೇಕು. ನೆಕ್ಕುವ ಉಪ್ಪಿನ ಗಟ್ಟಿಯೊಂದನ್ನೇ ನಂಬಬೇಡಿ. ದನದ ನಾಲಿಗೆ ಒರಟು, ಕುದುರೆಯದು ನಯ, ಸಾಕಷ್ಟು ನೆಕ್ಕಲು ಆಗುವುದಿಲ್ಲ.

ನೀರು 25ರಿಂದ 45 ಲೀಟರು, ಸೆಕೆಯಲ್ಲಿ ಕೆಲಸ ಮಾಡಿಸಿದರೆ ಇನ್ನೂ ಹೆಚ್ಚು. 20 ಲೀಟರಿನ ಎರಡು ಬಕೆಟ್ಟು ಎದೆಯೆತ್ತರಕ್ಕೆ ಕೊಕ್ಕೆಯಲ್ಲಿ ಸಿಕ್ಕಿಸಿ, ಕೊಕ್ಕೆಯ ಬಾಯಿ ಗೋಡೆಯ ಕಡೆಗಿರಲಿ, ಇಲ್ಲವಾದರೆ ಕಣ್ಣಿನ ರೆಪ್ಪೆ ಸಿಕ್ಕಿ ಹರಿಯುತ್ತದೆ. ತಾನೇ ತುಂಬುವ ತೊಟ್ಟಿ ಅನುಕೂಲವೇ, ಆದರೆ ಎಷ್ಟು ಕುಡಿಯಿತು ಎಂಬುದನ್ನು ಅದು ಮುಚ್ಚಿಡುತ್ತದೆ. ಬಕೆಟ್ಟಿನಲ್ಲಿ ಬೆಳಿಗ್ಗೆ ಅರ್ಧಕ್ಕಿಂತ ಹೆಚ್ಚು ನೀರು ಹಾಗೇ ಉಳಿದಿದ್ದರೆ, ಲದ್ದಿ ಗಟ್ಟಿಯಾಗಿ ಸಣ್ಣಗಿದ್ದರೆ, ಕರುಳು ಕಟ್ಟುವ ಸೂಚನೆ ಅಲ್ಲೇ ಇದೆ.

ಹುಲ್ಲಿನ ಬಲೆ ಎರಡು ತನ್ನಿ, ಕಣ್ಣಿನ ಅಗಲ 3ರಿಂದ 4 ಸೆಂಟಿಮೀಟರು ಇರಲಿ. ನಿಧಾನ ತಿನ್ನುತ್ತದೆ, ತೂಗುವುದೂ ಸುಲಭ.

ಲಾಳಮೊಳೆ:

ಕೆಂಗುದುರೆ ಅವರ ಮಾತಿಗೆ ಒಂದು ಸೇರಿಸಬೇಕು. ಲಾಳ ಹೊಡೆದ ಕುದುರೆಗೆ ಬಲೆಯನ್ನು ನೆಲದ ಮೇಲೆ ಇಡಲೇಬಾರದು, ತಗ್ಗಿನಲ್ಲಿ ಕಟ್ಟಲೂಬಾರದು. ಖಾಲಿಯಾದಾಗ ಬಲೆ ಜೋತು ಬೀಳುತ್ತದೆ, ಕೆರೆಯುವ ಕಾಲಿನ ಲಾಳದ ಹಿಂತುದಿಗೆ ಸಿಕ್ಕಿದರೆ ಕುದುರೆ ಗಾಬರಿಯಾಗಿ ಎಳೆದು ಕಾಲು ಮುರಿದುಕೊಳ್ಳುತ್ತದೆ. ಖಾಲಿ ಬಲೆಯ ತಳ ಕುದುರೆಯ ಎದೆಯ ಮಟ್ಟದಲ್ಲಿ ನಿಲ್ಲುವ ಹಾಗೆ ಕಟ್ಟಿ. ಆಗದಿದ್ದರೆ ಬಲೆಯೇ ಬೇಡ, ಮೂಲೆಯಲ್ಲಿ ನೆಲದ ಮೇಲೆ ಹುಲ್ಲು ಹಾಕಿ. ತಲೆ ತಗ್ಗಿಸಿ ತಿಂದರೆ ಮೂಗಿನ ಧೂಳೂ ಇಳಿದುಹೋಗುತ್ತದೆ.

ಬೇಲಿ ಮುಳ್ಳುತಂತಿಯದೇ? ಹಾಗಿದ್ದರೆ ಬ್ರಷ್ಷು ಬಾಚಣಿಗೆ ಕೊಳ್ಳುವ ಮುಂಚೆ ಅದನ್ನು ತೆಗೆಸಿ. ಕುದುರೆ ಬೆದರಿದರೆ ತಂತಿ ನೋಡಿ ನಿಲ್ಲುವ ಪ್ರಾಣಿಯಲ್ಲ, ಕಾಲಿನ ಚರ್ಮ ಮೂಳೆಯವರೆಗೆ ಸುಲಿದು ಬರುತ್ತದೆ.

ಹಿಡಿದು ನಡೆಸಲು, ಕಟ್ಟಲು ತಲೆಗೆ ಹಾಕುವ ಹಾಲ್ಟರ್ ಎರಡು, ಹತ್ತಿಯ ಹಗ್ಗ ಎರಡು. ಹಗ್ಗ ಸುಮಾರು 3 ಮೀಟರು ಉದ್ದವಿರಲಿ. ನೈಲಾನಾದರೆ ಎಳೆದಾಗ ಅಂಗೈ ಸುಡುತ್ತದೆ. ಹಾಲ್ಟರಿನ ಮೂಗುಪಟ್ಟಿ ಕೆನ್ನೆಮೂಳೆ ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಬರಬೇಕು, ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಹಾಲ್ಟರ್ ಹಾಕಿಯೇ ಲಾಯದಲ್ಲಿ, ಬಯಲಲ್ಲಿ ಬಿಡಬೇಡಿ: ಕಿವಿ ಕೆರೆದುಕೊಳ್ಳುವಾಗ ಹಿಂಗಾಲು ಸಿಕ್ಕಿಕೊಳ್ಳುತ್ತದೆ, ನೈಲಾನ್ ಹರಿಯುವುದಿಲ್ಲ, ಕತ್ತು ಮುರಿಯುತ್ತದೆ. ಬಿಡಲೇಬೇಕಾದ ಸಂದರ್ಭಕ್ಕೆ ನೆತ್ತಿಯ ಪಟ್ಟಿ ಚರ್ಮದ್ದಾಗಿರುವ ಹಾಲ್ಟರ್ ತನ್ನಿ, ಭಾರ ಬಿದ್ದಾಗ ಅದು ಹರಿದು ಕುದುರೆ ಉಳಿಯುತ್ತದೆ.

ಕಟ್ಟುವುದು ಗಟ್ಟಿ ಕಂಬದ ಬಳೆಗೆ, ಹೆಗಲಿನ ಏರಿನಷ್ಟು ಎತ್ತರದಲ್ಲಿ, ಹಗ್ಗ ಒಂದು ಕೈಯುದ್ದ ಮಾತ್ರ ಸಡಿಲ. ಬಳೆಗೂ ಹಗ್ಗಕ್ಕೂ ನಡುವೆ ತೆಳು ಹುರಿಯ ಕುಣಿಕೆ ಇರಲಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಬಾಗಿಲಿಗೆ, ಗೇಟಿಗೆ, ಬೇಲಿಯ ಅಡ್ಡಪಟ್ಟಿಗೆ ಕಟ್ಟಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಂತೂ ಎಂದೂ ಬೇಡ, ಮಡಿಚಿ ಹಿಡಿಯಿರಿ.

ಗೊರಸು ನನ್ನ ಮಟ್ಟಿಗೆ ದಿನದ ಮೊದಲ ಕೆಲಸ. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಗಡಸು ಬ್ರಷ್ಷಿರುವ ಗೊರಸಿನ ಕೊಕ್ಕೆ ಮೂರು ಕೊಳ್ಳಿ. ಲಾಯದ ಬಾಗಿಲಲ್ಲಿ ಒಂದು, ಮಾಲೀಸಿನ ಪೆಟ್ಟಿಗೆಯಲ್ಲಿ ಒಂದು, ಕಳೆಯುವುದಕ್ಕೆ ಒಂದು. ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಕೆದಕಬೇಕು, ಎದುರು ದಿಕ್ಕಿಗೆ ಎಳೆದರೆ ಕೊಕ್ಕೆ ಮೆತ್ತನೆಯ ಭಾಗಕ್ಕೆ ಚುಚ್ಚುತ್ತದೆ. ಅಡಿಯ ತ್ರಿಕೋನದ ಭಾಗಕ್ಕೆ ಫ್ರಾಗ್ ಎನ್ನುತ್ತಾರೆ. ಅದರ ಎರಡು ಪಕ್ಕದ ಸೀಳು, ನಡುವಿನ ಸೀಳು ಪೂರಾ ಖಾಲಿಯಾಗಬೇಕು. ಕೊಕ್ಕೆಯ ತುದಿಗೆ ಕಪ್ಪು ಲೋಳೆ ಹತ್ತಿ, ಕೊಳೆತ ವಾಸನೆ ಬಂದರೆ ಥ್ರಷ್ ಎನ್ನುವ ಗೊರಸಿನ ಸೋಂಕು ಶುರುವಾಗಿದೆ. ಔಷಧಿ ಹಚ್ಚುವುದು ಆಮೇಲೆ, ಮೊದಲು ಹಾಸು ಒಣಗಿಸಿ. ಒದ್ದೆಯಲ್ಲೇ ನಿಲ್ಲಿಸಿ ಔಷಧಿ ಹಚ್ಚಿದರೆ ವಾರಗಟ್ಟಲೆ ಹಚ್ಚುತ್ತಲೇ ಇರಬೇಕು. ಕೆದಕುವಾಗ ಗೊರಸನ್ನು ಅಂಗೈಯಿಂದ ಮುಟ್ಟಿ ನೋಡಿ: ನಾಲ್ಕರಲ್ಲಿ ಒಂದು ಮಾತ್ರ ಬಿಸಿಯಿದ್ದರೆ ಒಳಗೆ ಕೀವೋ ಮೊಳೆಯೋ ಇರಬಹುದು.

ಲಾಳ ಕಟ್ಟುವವರನ್ನು ಕುದುರೆ ಬರುವ ಮುಂಚೆಯೇ ಗೊತ್ತುಮಾಡಿ, ಆರು ವಾರಕ್ಕೊಂದು ದಿನ ಈಗಲೇ ಹೇಳಿಡಿ. ಗೊರಸಿಗೆ ಹಚ್ಚುವ ಹೊಳಪಿನ ಎಣ್ಣೆ ಕೊಳ್ಳಬೇಕಾಗಿಲ್ಲ.

ಮಾಲೀಸಿಗೆ ಮೈಯುಜ್ಜುವ ರಬ್ಬರಿನ ಬಾಚು (ಕರಿ ಕೋಂಬ್), ಗಡಸು ಬ್ರಷ್ಷು, ಮೆತ್ತನೆ ಬ್ರಷ್ಷು, ಹಲ್ಲು ಅಗಲವಿರುವ ಬಾಚಣಿಗೆ, ಎರಡು ಬಣ್ಣದ ಎರಡು ಸ್ಪಂಜು, ಬೆವರು ಸವರುವ ಪಟ್ಟಿ. ರಬ್ಬರಿನದನ್ನು ಕತ್ತು, ಭುಜ, ಪಕ್ಕೆ, ಪೃಷ್ಠದ ಮಾಂಸದ ಮೇಲೆ ದುಂಡಗೆ ಆಡಿಸಿ, ಮೊಣಕಾಲಿನ ಕೆಳಗೂ ಮುಖಕ್ಕೂ ಬೇಡ. ಗಡಸು ಬ್ರಷ್ಷು ಎದ್ದ ಮಣ್ಣನ್ನು ಚಿಮ್ಮಿಸಿ ತೆಗೆಯುತ್ತದೆ, ಮೆತ್ತನೆಯದು ಕೂದಲಿನ ಎಣ್ಣೆಯನ್ನು ಹರಡುತ್ತದೆ. ಲೋಹದ ಹಲ್ಲಿನದು ಬ್ರಷ್ಷು ಸ್ವಚ್ಛ ಮಾಡುವುದಕ್ಕೆ ಮಾತ್ರ, ಚರ್ಮಕ್ಕಲ್ಲ. ಒಂದು ಸ್ಪಂಜು ಕಣ್ಣು ಮೂಗಿಗೆ, ಇನ್ನೊಂದು ಬಾಲದ ಕೆಳಗೆ, ಅದಲುಬದಲಾಗದಂತೆ ಬಣ್ಣ ಬೇರೆ. ಜೀನು ಕೂರುವ ಜಾಗ, ಹೊಟ್ಟೆಪಟ್ಟಿ ಹಾಯುವ ಜಾಗವನ್ನು ಅಂಗೈಯಿಂದ ಸವರಿ ನೋಡಿ. ಅಲ್ಲಿ ಒಂದು ಮರಳಿನ ಕಣ ಉಳಿದರೂ ಗಾಯ. ಬೇರೆ ಕುದುರೆಯ ಬ್ರಷ್ಷನ್ನು ಎರವಲು ತರಬೇಡಿ, ಹುಳುಕಡ್ಡಿ ಹಾಗೆಯೇ ಹರಡುವುದು.

ಲಾಯ ಗುಡಿಸಲು ಹತ್ತಿರ ಹಲ್ಲಿನ ಫೋರ್ಕು, ಸನಿಕೆ, ತಳ್ಳುಗಾಡಿ, ಗಟ್ಟಿ ಪೊರಕೆ. ಲದ್ದಿ, ಗಂಜಲ ಸೇರಿ ದಿನಕ್ಕೆ 20 ಕೆಜಿ ಮೀರುತ್ತದೆ, ಗಾಡಿಯ ಗಾತ್ರ ಅದಕ್ಕೆ ತಕ್ಕಂತಿರಲಿ. ಹಾಸು 10ರಿಂದ 15 ಸೆಂಟಿಮೀಟರು. ಮರದ ಹೊಟ್ಟಾದರೆ ಯಾವ ಮರದ್ದು ಎಂದು ಕೇಳಿಯೇ ಕೊಳ್ಳಿ, ಕಪ್ಪು ವಾಲ್‌ನಟ್ ಬೆರೆತಿದ್ದರೆ ಅದರ ಮೇಲೆ ನಿಂತರೂ ಸಾಕು, ಲ್ಯಾಮಿನೈಟಿಸ್ ಬರುತ್ತದೆ. ಸ್ವಚ್ಛವಾಗಿದೆಯೇ ಎಂದು ನೋಡಲು ಮಂಡಿಯೂರಿ ಮೂಸಿ, ಕುದುರೆ ಮಲಗಿದಾಗ ಮೂಗು ಇರುವುದು ಅಲ್ಲಿ.

ಹೊಸಲಾಯ:

ಇಬ್ಬರಿಗೂ ತುಂಬಾ ಧನ್ಯವಾದ. ಬೇಲಿ ಮರದ ಪಟ್ಟಿಯದು, ಮುಳ್ಳುತಂತಿ ಇಲ್ಲ. ಇನ್ನೆರಡು ಸಂದೇಹ. ಮನೆಯಲ್ಲಿ ದನಕ್ಕೆ ತಂದ ಪೆಲೆಟ್ ಮೇವು ಒಂದಿಷ್ಟು ಉಳಿದಿದೆ, ಖನಿಜ ಎಲ್ಲ ಇದೆ ಎಂದು ಚೀಲದ ಮೇಲಿದೆ, ಮೊದಲಿಗೆ ಅದನ್ನೇ ಸ್ವಲ್ಪ ಕೊಡಬಹುದೇ? ಔಷಧ ಪೆಟ್ಟಿಗೆಯಲ್ಲಿ ಏನಿರಬೇಕು?

ಔಷಧಪೆಟ್ಟಿಗೆ:

ದನದ ಪೆಲೆಟ್ ಕೊಡಲೇಬೇಡಿ, ಒಂದು ಹಿಡಿಯೂ ಬೇಡ. ದನ, ಕೋಳಿ ಮೇವಿಗೆ ಮೊನೆನ್ಸಿನ್, ಸಲಿನೋಮೈಸಿನ್ ತರಹದ ಔಷಧಿ ಬೆರೆಸುವುದುಂಟು. ದನ ಅದನ್ನು ತಾಳುತ್ತದೆ. ಕುದುರೆಗೆ ಮೊನೆನ್ಸಿನ್ ಮೈತೂಕದ ಕೆಜಿಗೆ 2ರಿಂದ 3 ಮಿಲಿಗ್ರಾಂ ಹೋದರೆ ಸಾವೇ ಬರಬಹುದು. ನಿಮ್ಮ ಕುದುರೆಯ ಲೆಕ್ಕಕ್ಕೆ ಬರೀ ಒಂದು ಗ್ರಾಂ ಸುಮಾರು. ಹೃದಯದ ಸ್ನಾಯು ಹಾಳಾಗುತ್ತದೆ, ಅದಕ್ಕೆ ಪ್ರತ್ಯೌಷಧ ಇಲ್ಲ, ಬದುಕುಳಿದರೂ ಆಮೇಲೆ ಸವಾರಿಯ ಹೊತ್ತಲ್ಲಿ ಕುಸಿದು ಬೀಳಬಹುದು. ಆ ಚೀಲವನ್ನು ಕುದುರೆಯ ಮೇವಿನ ಕೋಣೆಯಲ್ಲೇ ಇಡಬೇಡಿ, ಅದರ ಡಬ್ಬಿ, ಬಕೆಟ್ಟನ್ನೂ ಬಳಸಬೇಡಿ.

ಈಗ ಪೆಟ್ಟಿಗೆ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮುಚ್ಚಳಕ್ಕೆ ಅಂಟಿಸಿದ ಕಾಗದದಲ್ಲಿ ವೈದ್ಯರ ನಂಬರು ಮತ್ತು ಕುದುರೆಯ ಸಹಜ ಅಂಕಿಗಳು. ದೊಡ್ಡ ಕುದುರೆ ವಿಶ್ರಾಂತಿಯಲ್ಲಿದ್ದಾಗ ಜ್ವರಮಾಪಕ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಬಂದ ಮೊದಲ ವಾರ ದಿನವೂ ಒಂದೇ ಹೊತ್ತಿಗೆ ನೋಡಿ ನಿಮ್ಮ ಕುದುರೆಯದೇ ಅಂಕಿ ಬರೆದಿಡಿ. ಹೊಟ್ಟೆನೋವಿನ ಲಕ್ಷಣವಿದ್ದು ನಿಂತಲ್ಲೇ ನಾಡಿ 60 ದಾಟಿದರೆ ವಿಷಯ ಗಂಭೀರ.

ಡಿಜಿಟಲ್ ಜ್ವರಮಾಪಕಕ್ಕೆ ಒಂದು ದಾರ, ದಾರದ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಕಟ್ಟಿ. ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಿದರೆ ಜ್ವರಮಾಪಕ ಒಳಗೆ ಜಾರುವುದಿಲ್ಲ, ಕೆಳಗೆ ಬಿದ್ದು ಒಡೆಯುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಕುದುರೆಯ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು, ತುದಿಯನ್ನು ಒಳಗೋಡೆಗೆ ತಾಗಿಸಿ ಹಿಡಿಯಿರಿ. ಲದ್ದಿಯ ಉಂಡೆಗೆ ಚುಚ್ಚಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಗಾಯಕ್ಕೆ ಬೇಕಾದ್ದು ಮೊದಲು ನೀರು. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು ತೂಗಿ ಹಾಕಿ, ದೊಡ್ಡ ಸಿರಿಂಜಿನಿಂದ ಒತ್ತಿ ತೊಳೆಯಿರಿ. ಪೊವಿಡೋನ್ ಅಯೋಡಿನ್ ಶೇ. 10ರ ದ್ರಾವಣವನ್ನು ಹಾಗೇ ಸುರಿಯಬಾರದು. ಒಂದು ಲೀಟರಿಗೆ 10 ಮಿಲಿ ಬೆರೆಸಿದರೆ ತಿಳಿ ಚಹಾದ ಬಣ್ಣ ಬರುತ್ತದೆ, ಅಷ್ಟೇ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಗಾಯ ಮಾಯಿಸುವ ಹೊಸ ಜೀವಕೋಶಗಳನ್ನೇ ಸುಡುತ್ತದೆ, ಬೇಡ. ಹೊಲಿಗೆ ಬೇಕಾದೀತು ಅನ್ನಿಸುವ ಗಾಯಕ್ಕೆ ಬಣ್ಣದ ಸ್ಪ್ರೇ, ಮುಲಾಮು, ಅರಿಸಿನ ಏನನ್ನೂ ಹಚ್ಚದೆ ತೊಳೆದು ಮುಚ್ಚಿ ವೈದ್ಯರನ್ನು ಕರೆಯಿರಿ. ಹೊಲಿಯಲು ಮೊದಲ ಆರೆಂಟು ತಾಸೇ ಒಳ್ಳೆಯ ಹೊತ್ತು. ಕೀಲಿನ ಹತ್ತಿರ ಸಣ್ಣ ತೂತಿನಷ್ಟು ಗಾಯವಾದರೂ ಅದೇ ದಿನ ತೋರಿಸಿ, ಕೀಲಿನೊಳಗೆ ಸೋಂಕು ಹೊಕ್ಕರೆ ಕುದುರೆ ಕೈಬಿಟ್ಟು ಹೋಗಬಹುದು.

ಗಾಯಕ್ಕೆ ಅಂಟದ ಡ್ರೆಸ್ಸಿಂಗ್ ಹತ್ತು, ಹತ್ತಿಯ ಸುರುಳಿ ನಾಲ್ಕು, ಗಾಜ್ ಸುರುಳಿ ನಾಲ್ಕು, ತನಗೆ ತಾನೇ ಅಂಟುವ ಬ್ಯಾಂಡೇಜು ಆರು, ತುದಿ ಮೊಂಡಾದ ಕತ್ತರಿ, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಸ್ಟೆತೊಸ್ಕೋಪು. ಗೊರಸಿನ ಗಾಯಕ್ಕೆ ಮಗುವಿನ ಡೈಪರ್ ಮತ್ತು ಡಕ್ಟ್ ಟೇಪಿಗಿಂತ ಒಳ್ಳೆಯ ಸಾಮಾನಿಲ್ಲ. ಅಂಗಾಲಿಗೆ ಮೊಳೆ ಚುಚ್ಚಿಕೊಂಡಿದ್ದರೆ ಕೀಳಬೇಡಿ. ಅದು ಇನ್ನೂ ಒಳಗೆ ಹೋಗದಂತೆ ಸುತ್ತ ದಪ್ಪ ಮೆತ್ತೆ ಇಟ್ಟು ಕಟ್ಟಿ, ನಡೆಸದೆ ವೈದ್ಯರನ್ನು ಕರೆಸಿ. ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಎಂಬುದು ಎಕ್ಸ್‌ರೇಯಲ್ಲಿ ಮೊಳೆ ಇದ್ದಾಗಲೇ ಸ್ಪಷ್ಟ. ಧನುರ್ವಾಯು ಲಸಿಕೆ ಆಗಿದೆಯೇ ಎಂದು ಕೊಳ್ಳುವಾಗಲೇ ದಾಖಲೆ ಕೇಳಿ, ಕುದುರೆಗೆ ಅದು ಬಹಳ ಸುಲಭವಾಗಿ ತಗಲುವ ರೋಗ.

ಜಂತುಹುಳದ ಪೇಸ್ಟನ್ನು ಅಂದಾಜಿನಲ್ಲಿ ಕೊಡಬೇಡಿ. ಮೊದಲು ಲದ್ದಿಯಲ್ಲಿ ಮೊಟ್ಟೆ ಎಣಿಸುವ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಟೇಪಿನ ತೂಕ ನೋಡಿ ಸಿರಿಂಜಿನ ಬಳೆ ತಿರುಗಿಸಿ. ಕಡಿಮೆ ಕೊಟ್ಟರೆ ಸಾಯದೆ ಉಳಿದ ಹುಳ ಆ ಔಷಧಿಗೇ ಜಗ್ಗದಂತಾಗುತ್ತದೆ.

ಕಾಲಿಕ್ ಬಂದಾಗ ಬಾಯಿಗೆ ಎಣ್ಣೆ ಸುರಿಯುವ ಅಭ್ಯಾಸ ಹಲವರಲ್ಲಿದೆ. ದಯವಿಟ್ಟು ಮಾಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ಕೆಟ್ಟದ್ದು. ಮೇವು ತೆಗೆದುಹಾಕಿ, ಉರುಳಾಡಲು ನೋಡಿದರೆ ನಿಧಾನಕ್ಕೆ ನಡೆಸಿ, ವೈದ್ಯರಿಗೆ ನಾಡಿಯ ಅಂಕಿ, ಕೊನೆಯ ಲದ್ದಿಯ ಹೊತ್ತು ಹೇಳಿ. ನೋವಿನ ಔಷಧಿಯನ್ನು ಅವರು ಹೇಳದೆ ಕೊಡಬೇಡಿ, ನೋವು ಅಡಗಿದರೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದೂ ಅಡಗಿಹೋಗುತ್ತದೆ. ಕಣ್ಣಿಗೆ ಸ್ಟಿರಾಯ್ಡ್ ಇರುವ ಹನಿಯೂ ಹಾಗೆಯೇ: ಕಣ್ಣಿನ ಮೇಲೆ ಹುಣ್ಣಿದ್ದರೆ ಅದು ಕಣ್ಣನ್ನೇ ತೆಗೆಯುತ್ತದೆ.

ಲಾಳಮೊಳೆ:

ಬ್ಯಾಂಡೇಜಿನ ಬಗ್ಗೆ ಒಂದು ಎಚ್ಚರಿಕೆ. ಅಂಟುವ ಬ್ಯಾಂಡೇಜನ್ನು ಬರಿ ಕಾಲಿಗೆ ಬಿಗಿದರೆ ಹಿಂಬದಿಯ ಸ್ನಾಯುರಜ್ಜು ಜಜ್ಜಿಹೋಗುತ್ತದೆ. ಕೆಳಗೆ ಕನಿಷ್ಠ ಎರಡೂವರೆ ಸೆಂಟಿಮೀಟರು ದಪ್ಪ ಹತ್ತಿ, ಸುಕ್ಕಿಲ್ಲದೆ. ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚಲಿ, ಎಳೆತ ಕಾಲಿನ ಮುಂದಿನ ಮೂಳೆಯ ಮೇಲೆ ಬೀಳಲಿ. ಬ್ಯಾಂಡೇಜಿನ ಮೇಲಂಚಿನಲ್ಲಿ ಒಂದು ಬೆರಳು ತೂರಬೇಕು. ಕುದುರೆ ಬರುವ ಮುಂಚೆ ಯಾರದಾದರೂ ಶಾಂತ ಕುದುರೆಯ ಮೇಲೆ ಕಟ್ಟಿ ಅಭ್ಯಾಸ ಮಾಡಿ, ರಕ್ತ ಸುರಿಯುವಾಗ ಕಲಿಯಲಾಗದು.

ಬಿಳಿಕೇಸರ:

ಜೀನಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕುದುರೆ ಬರುವ ಮುಂಚೆ ಕೊಳ್ಳಬೇಡಿ. ಜೀನು ಕೂರಬೇಕಾದ್ದು ಆ ಬೆನ್ನಿನ ಮೇಲೆ, ಆ ಬೆನ್ನನ್ನು ನೀವಿನ್ನೂ ಮುಟ್ಟಿ ನೋಡಿಲ್ಲ. ಬಂದ ಮೇಲೆ ಆ ಹಳೆಯದನ್ನು ಒಮ್ಮೆ ಹಾಕಿ ನೋಡುವ ಷರತ್ತಿನ ಮೇಲೆ ತನ್ನಿ. ಮೊದಲು ಒಳಚೌಕಟ್ಟು ಮುರಿದಿದೆಯೇ ನೋಡಿ: ಮುಂದಿನ ಕಮಾನಿನ ಎರಡು ಕಡೆ ಹಿಡಿದು ಹಿಗ್ಗಿಸಿ, ಒತ್ತಿ, ಕರಕರ ಸದ್ದು ಬಂದರೆ, ಅಲುಗಿದರೆ ಬಿಡಿ. ಮೆತ್ತೆಬಟ್ಟೆ ಇಲ್ಲದೆ ಬೆನ್ನ ಮೇಲಿಟ್ಟು, ಸವಾರ ಕೂತಾಗಲೂ ಹೆಗಲಿನ ಏರಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ನಡುವಿನ ಕಾಲುವೆ ಮುಂದಿನಿಂದ ಹಿಂದಿನವರೆಗೆ ಬೆನ್ನೆಲುಬಿಗೆ ತಾಗದಷ್ಟು ಅಗಲವಿರಬೇಕು, ಜೀನು ಕೊನೆಯ ಪಕ್ಕೆಲುಬು ದಾಟಿ ಹಿಂದೆ ಹೋಗಬಾರದು. ಅರ್ಧ ಗಂಟೆ ಸವಾರಿಯಾದ ಮೇಲೆ ತೆಗೆದು ಬೆವರಿನ ಗುರುತು ನೋಡಿ: ಸುತ್ತ ಒದ್ದೆಯಾಗಿದ್ದು ನಡುವೆ ಅಂಗೈಯಷ್ಟು ಒಣ ಜಾಗ ಉಳಿದಿದ್ದರೆ ಅಲ್ಲಿ ಒತ್ತಡ ಹೆಚ್ಚು, ಮುಂದೆ ಅಲ್ಲೇ ಬಿಳಿ ಕೂದಲು ಹುಟ್ಟುತ್ತದೆ. ಕೆಳಗೆ ದಪ್ಪ ಮೆತ್ತೆ ಹಾಕಿ ಸರಿಮಾಡಲು ಹೋದರೆ ಅಗಲ ಸಾಲದ ಜೀನು ಇನ್ನಷ್ಟು ಬಿಗಿಯಾಗುತ್ತದೆ. ಹೊಟ್ಟೆಪಟ್ಟಿ, ರಿಕಾಪಿನ ಪಟ್ಟಿಯ ಹೊಲಿಗೆ ಸಡಿಲವಾಗಿದ್ದರೆ ಅವನ್ನು ಹೊಸದೇ ಕೊಳ್ಳಿ.

ನಿಮಗಾಗಿ ಮೊದಲ ದಿನವೇ ಬೇಕಾದ್ದು ಪ್ರಮಾಣೀಕೃತ ಹೆಲ್ಮೆಟ್ಟು. ಇದು ಹಳೆಯದಾಗಬಾರದು, ಒಮ್ಮೆ ಬಿದ್ದು ಏಟು ತಿಂದದ್ದನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು. ಕಂಬಳಿ, ಬೂಟು, ಅಲಂಕಾರದ ಪಟ್ಟಿ ಎಲ್ಲ ಕಾಯಲಿ.

ಇನ್ನೊಂದು ಮಾತು. ಒಂಟಿ ಕುದುರೆ ನೆಮ್ಮದಿಯಿಂದ ಇರುವುದಿಲ್ಲ, ಬಾಗಿಲು ಕಚ್ಚುತ್ತದೆ, ಬೇಲಿಯುದ್ದಕ್ಕೂ ಓಡಾಡಿ ಮೈ ಇಳಿಯುತ್ತದೆ. ಇನ್ನೊಂದು ಕುದುರೆ ಕಣ್ಣಿಗೆ ಬೀಳುವಂತೆ ಏರ್ಪಾಡು ಮಾಡಿ, ಮುಟ್ಟಲಾದರೆ ಇನ್ನೂ ಒಳ್ಳೆಯದು. ಹೊಸದಾಗಿ ಬಂದದ್ದನ್ನು ಮೊದಲ ಎರಡು ಮೂರು ವಾರ ಬೇರೆ ಕಟ್ಟಿ ಜ್ವರ ನೋಡುತ್ತಿದ್ದು, ಆಮೇಲೆ ಸೇರಿಸಿ.

ಹೊಸಲಾಯ:

ದನದ ಚೀಲ ಆಗಲೇ ಹೊರಗೆ ಹೋಯಿತು. ಜೀನಿನವರಿಗೆ ಕಾಯಲು ಹೇಳಿದ್ದೇನೆ. ಪಕ್ಕದ ಬಯಲಲ್ಲಿ ಎರಡು ಕುದುರೆ ಇವೆ, ಬೇಲಿಯಾಚೆ ಕಾಣುತ್ತವೆ. ಕೊನೆಯದಾಗಿ, ಸ್ಟೆತೊಸ್ಕೋಪು ಇಲ್ಲದೆ ನಾಡಿ ಎಲ್ಲಿ ಸಿಗುತ್ತದೆ?

ಔಷಧಪೆಟ್ಟಿಗೆ:

ಕೆಳದವಡೆಯ ಒಳಅಂಚಿನಲ್ಲಿ, ಕೆನ್ನೆಯ ದುಂಡು ಮಾಂಸಖಂಡ ಶುರುವಾಗುವ ಜಾಗದ ಮುಂದೆ. ಅಲ್ಲಿ ಬೆರಳನ್ನು ಮೂಳೆಯ ಮೇಲೆ ಹಿಂದೆಮುಂದೆ ಜಾರಿಸಿದರೆ ದಪ್ಪ ದಾರದಂತೆ ಉರುಳುವ ರಕ್ತನಾಳ ಸಿಗುತ್ತದೆ. ತೋರುಬೆರಳು, ನಡುಬೆರಳು ಇಟ್ಟು ಹಗುರವಾಗಿ ಮೂಳೆಗೆ ಒತ್ತಿ, ಹೆಬ್ಬೆರಳು ಬೇಡ, ಅದರ ನಾಡಿಯೇ ನಿಮಗೆ ಕೇಳಿಸುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಎಂಟು, ಹತ್ತು ಬಡಿತ ಬಂದರೆ ಸರಿ. ಕುದುರೆ ಮೇವು ಅಗಿಯುತ್ತಿದ್ದರೆ ದವಡೆ ಅಲುಗಿ ಸಿಗುವುದಿಲ್ಲ, ತಿಂದು ಮುಗಿಸುವವರೆಗೆ ಕಾಯಿರಿ. ಸ್ಟೆತೊಸ್ಕೋಪು ಬಂದ ಮೇಲೆ ಎಡ ಮುಂಗಾಲಿನ ಮೊಣಕೈಯ ಹಿಂದೆ ಒತ್ತಿ ಇಟ್ಟರೆ ಹೃದಯ ಕೇಳುತ್ತದೆ. ಪ್ರತಿ ಬಡಿತಕ್ಕೂ ಲಬ್-ಡಬ್ ಎಂದು ಎರಡು ಸದ್ದು, ಎರಡೂ ಸೇರಿ ಒಂದೇ ಎಂದು ಎಣಿಸಬೇಕು. ಬೇರೆಬೇರೆ ಎಣಿಸಿ 80 ಎಂದು ಫೋನು ಮಾಡುವವರು ಬಹಳ.